ಹಳೆಯ ಕಾಂಕ್ರೀಟು ಗೋಡೆಯನ್ನು ಎತ್ತರಿಸುವ ಕ್ರಮ

ನೀರಿನ ತೊಟ್ಟಿ, ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಒಡ್ಡು, ಇಳಿಜಾರು ತೋಟದ ಮಣ್ಣನ್ನು ತಡೆದು ನಿಲ್ಲಿಸುವ ಗೋಡೆ, ಕಣಕ್ಕೂ ಕೊಟ್ಟಿಗೆಗೂ ಸುತ್ತಲಾಗಿ ಎಬ್ಬಿಸಿದ ಆವರಣದ ಗೋಡೆ, ಇವು ಈಗ ಕಾಂಕ್ರೀಟಿನಿಂದ ಕಟ್ಟಲ್ಪಟ್ಟು ಬಹುಮಟ್ಟಿಗೆ ಎಲ್ಲಾ ಗ್ರಾಮಗಳಲ್ಲಿಯೂ ಕಂಡುಬರುತ್ತವೆ. ಕಟ್ಟಿದ ಕೆಲವು ವರ್ಷಗಳೊಳಗಾಗಿಯೇ ಇವುಗಳ ಎತ್ತರವು ಸಾಲದೆಂದು ತೋರುವುದು ಸಹಜವಾಗಿದೆ. ತೋಟವು ವಿಸ್ತಾರವಾದಂತೆಲ್ಲಾ ತೊಟ್ಟಿಯ ನೀರು ಸಾಲದೆ ಬರುತ್ತದೆ. ಹೂಳು ತುಂಬಿಕೊಂಡು ಒಡ್ಡಿನ ಹಿಂದೆ ನಿಲ್ಲುವ ನೀರು ವರ್ಷೇವರ್ಷೇ ಕಡಮೆಯಾಗುತ್ತದೆ. ಮೇಲಿನ ಪಟ್ಟೆಯನ್ನು ಮಟ್ಟಮಾಡಿದಾಗ ತಡೆಗೋಡೆಯು ಗಿಡ್ಡಾಗಿ ಕಾಣುತ್ತದೆ. ಆಗ ಯಜಮಾನನು ಹೊಸದಾಗಿ ಕಟ್ಟುವ ವೆಚ್ಚಕ್ಕೆ ಹಿಂಜರಿದು, ಇದ್ದ ಗೋಡೆಯ ಮೇಲೆಯೇ ಒಂದಡಿ ಹಾಕಿಬಿಟ್ಟರೆ ಸಾಕೆಂದು ಎಣಿಸುತ್ತಾನೆ. ಮೇಸ್ತ್ರಿಯೂ ಒಪ್ಪುತ್ತಾನೆ. ಕೆಲಸವು ಎರಡು ಮೂರು ದಿನಗಳಲ್ಲಿ ಮುಗಿದೂ ಹೋಗುತ್ತದೆ.

ಹೀಗೆ ಎತ್ತರಿಸಿದ ಗೋಡೆಯು ಬೇಸಗೆಯಲ್ಲಿ ಯಾವ ದೋಷವನ್ನೂ ತೋರಿಸುವುದಿಲ್ಲ. ತೊಟ್ಟಿಯು ಅಂಚಿನವರೆಗೆ ತುಂಬಿದ ದಿನ, ಇಲ್ಲವೆ ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ, ಅದರ ಪರೀಕ್ಷೆಯಾಗುತ್ತದೆ. ತೊಟ್ಟಿಯ ಮಗ್ಗುಲಲ್ಲಿ ಬಟ್ಟೆ ಒಗೆಯುವವರೂ, ಗೋಡೆಯ ನೆರಳಿನಲ್ಲಿ ಆಡುವ ಮಕ್ಕಳೂ, ಕಟ್ಟಿಹಾಕಿದ ದನಕರುಗಳೂ ಇರುವ ಸ್ಥಳದಲ್ಲಿ ಗೋಡೆ ಮಗುಚಿದರೆ ಆಗುವ ಅನಾಹುತವು ಗೋಡೆಯ ಬೆಲೆಯಿಂದ ಅಳೆಯತಕ್ಕದ್ದಲ್ಲ. ಆದಕಾರಣ ಈ ಕೆಲಸವನ್ನು ಕೈಗೊಳ್ಳುವುದಕ್ಕೆ ಮುಂಚೆ ವಿಚಾರಿಸಬೇಕಾದ ಸಂಗತಿಗಳನ್ನೂ, ಕೈಗೊಂಡಲ್ಲಿ ಅನುಸರಿಸಬೇಕಾದ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಇವೆಲ್ಲವುಗಳ ಸಾರಾಂಶವು ಒಂದೇ ಮಾತಿನಲ್ಲಿದೆ: ಗೋಡೆಯ ನೆತ್ತಿಯ ಮೇಲೆ ಏನನ್ನಾದರೂ ಇಡುವುದಕ್ಕೆ ಮೊದಲು ಅದರ ಬುಡವನ್ನು ವಿಚಾರಿಸಬೇಕು.

ನೀರಿನ ಒತ್ತಡದ ಲೆಕ್ಕ

ಒಂದು ಘನ ಮೀಟರು ನೀರಿನ ತೂಕವು ೧೦೦೦ ಕಿಲೋಗ್ರಾಂ. ಒಂದು ಘನ ಅಡಿ ನೀರು ಸುಮಾರು ೨೮ ಕಿಲೋಗ್ರಾಂ ತೂಗುತ್ತದೆ. ನಿಂತ ನೀರು ಗೋಡೆಯನ್ನು ಒತ್ತುವ ಬಲವು ಮೇಲ್ಗಡೆ ಏನೂ ಇಲ್ಲದೆ, ಆಳಕ್ಕೆ ಹೋದಂತೆಲ್ಲಾ ಕ್ರಮವಾಗಿ ಹೆಚ್ಚಿ, ಬುಡದಲ್ಲಿ ಅತ್ಯಧಿಕವಾಗುತ್ತದೆ. ಈ ಬಲಕ್ಕೂ ನೀರಿನ ಹರವಿಗೂ ಸಂಬಂಧವಿಲ್ಲವೆಂಬುದನ್ನು ಮನಸ್ಸಿನಲ್ಲಿಡಬೇಕು. ತೊಟ್ಟಿಯು ಹತ್ತು ಅಡಿ ಅಗಲವಿದ್ದರೂ ನೂರು ಅಡಿ ಅಗಲವಿದ್ದರೂ, ನೀರಿನ ಆಳವು ಒಂದೇ ಆಗಿದ್ದಲ್ಲಿ, ಗೋಡೆಯ ಪ್ರತಿಯೊಂದು ಮೀಟರು ಉದ್ದದ ಮೇಲೆ ಬೀಳುವ ಒತ್ತಡವೂ ಒಂದೇ ಆಗಿರುತ್ತದೆ. ನೋಡಬೇಕಾದದ್ದು ಆಳವನ್ನು ಮಾತ್ರ.

ಈಗ ೧.೨ ಮೀಟರು, ಅಂದರೆ ಸುಮಾರು ನಾಲ್ಕು ಅಡಿ, ನೀರು ನಿಲ್ಲುವ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಗೋಡೆಯ ಒಂದು ಮೀಟರು ಉದ್ದವನ್ನು ನೀರು ಒಟ್ಟಿನಲ್ಲಿ ೭೨೦ ಕಿಲೋಗ್ರಾಂ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಗೋಡೆಯನ್ನು ಒಂದಡಿ ಎತ್ತರಿಸಿ ೧.೫ ಮೀಟರು ನೀರು ನಿಲ್ಲಿಸಿದರೆ ಈ ಬಲವು ೧೧೨೫ ಕಿಲೋಗ್ರಾಮಿಗೆ ಏರುತ್ತದೆ. ಇಷ್ಟೇ ಅಲ್ಲ. ಈ ಬಲವು ಗೋಡೆಗೆ ತಗಲುವ ಸ್ಥಾನವು ಬುಡದಿಂದ ನೀರಿನ ಆಳದ ಮೂರರಲ್ಲಿ ಒಂದು ಪಾಲು ಎತ್ತರದಲ್ಲಿರುವುದರಿಂದ, ನೀರು ಏರಿದಂತೆ ಆ ಸ್ಥಾನವೂ ಮೇಲೇರುತ್ತದೆ. ಉದ್ದವಾದ ಹಾರೆಯಿಂದ ಮೀಟಿದರೆ ಬಂಡೆಯು ಸುಲಭವಾಗಿ ಏಳುವಂತೆ, ಬಲವು ಎಷ್ಟು ಎತ್ತರದಲ್ಲಿ ತಗಲಿದರೆ ಅಷ್ಟು ಸುಲಭವಾಗಿ ಗೋಡೆಯು ಬುಡದಿಂದ ಮಗುಚುತ್ತದೆ. ಎರಡನ್ನೂ ಗುಣಿಸಿ ನೋಡಿದಲ್ಲಿ, ನಾಲ್ಕು ಅಡಿಯ ನೀರಿಗೆ ಮಗುಚುವ ಶಕ್ತಿಯು ೨೮೮ ಆಗಿದ್ದರೆ, ಐದು ಅಡಿಯ ನೀರಿಗೆ ಅದು ೫೬೨ ಆಗುತ್ತದೆ.

ಅಂದರೆ, ಒಂದಡಿ ಎತ್ತರಿಸಿದ್ದರಿಂದ ರೈತನಿಗೆ ಸಿಕ್ಕುವ ಹೆಚ್ಚಿನ ನೀರು ನಾಲ್ಕರಲ್ಲಿ ಒಂದು ಪಾಲು. ಗೋಡೆಯ ಬುಡದ ಮೇಲೆ ಬೀಳುವ ಹೊರೆಯಾದರೋ ಹೆಚ್ಚುಕಡಮೆ ಇಮ್ಮಡಿ. ಎತ್ತರವನ್ನೇ ಇಮ್ಮಡಿ ಮಾಡಿದಲ್ಲಿ ಹೊರೆಯು ಎಂಟು ಮಡಿಯಾಗುತ್ತದೆ. ಮೇಲೆ ಹಾಕಿದ ಹೊಸ ಭಾಗವು ಎಷ್ಟೇ ಗಟ್ಟಿಯಾಗಿದ್ದರೂ ಈ ಹೊರೆಯನ್ನು ಹೊರುವುದು ಅದಲ್ಲ. ಹಿಂದೆ ನಾಲ್ಕು ಅಡಿಗೆಂದು ಸರಳನ್ನೂ ದಪ್ಪವನ್ನೂ ಗೊತ್ತುಮಾಡಿ ಕಟ್ಟಿದ ಹಳೆಯ ಬುಡವೇ ಹೊರಬೇಕು.

ಕಬ್ಬಿಣದ ಸರಳಿಲ್ಲದೆ ತನ್ನ ತೂಕದಿಂದಲೇ ನೀರನ್ನು ತಡೆಯತಕ್ಕ ಕಾಂಕ್ರೀಟು ಗೋಡೆಗಳಿಗೆ ಒಂದು ಸ್ಥೂಲವಾದ ಅಳತೆಯುಂಟು. ಕಾಂಕ್ರೀಟು ನೀರಿನ ಸುಮಾರು ೨.೪ ಮಡಿ ತೂಕವುಳ್ಳದ್ದಾಗಿರುವುದರಿಂದ, ಇಂಥ ಗೋಡೆಯ ಬುಡದ ಅಗಲವು ನೀರಿನ ಎತ್ತರದ ಮೂರರಲ್ಲಿ ಎರಡು ಪಾಲಿಗೆ ಕಡಮೆಯಾಗಿರಕೂಡದು. ೧.೫ ಮೀಟರು ನೀರಿಗೆ ಬುಡವು ಒಂದು ಮೀಟರಾದರೂ ಬೇಕು. ಬುಡದ ಅಡಿಯಲ್ಲಿ ನೀರು ಜಿನುಗಿ ಗೋಡೆಯನ್ನು ಕೆಳಗಿನಿಂದ ಎತ್ತುವಂಥ ನೆಲದಲ್ಲಿ ಇದಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ತಮ್ಮ ಒಡ್ಡಿನ ಬುಡವನ್ನು ಅಳೆದು ಈ ಲೆಕ್ಕದೊಡನೆ ಹೋಲಿಸಿದರೆ, ಅದು ಈಗಿನ ಎತ್ತರಕ್ಕಾದರೂ ಸಾಕೇ ಎಂಬುದು ಯಾರಿಗಾದರೂ ತಿಳಿಯುತ್ತದೆ.

ದೊಡ್ಡ ಕಟ್ಟಡಗಳಿಂದ ಕಲಿಯತಕ್ಕ ಪಾಠ

ಹಳೆಯ ಕಟ್ಟೆಯನ್ನು ಎತ್ತರಿಸುವುದು ಅಸಾಧ್ಯವೂ ಅಲ್ಲ, ಅಪೂರ್ವವೂ ಅಲ್ಲ. ಈಜಿಪ್ಟು ದೇಶದ ನೈಲ್ ನದಿಗೆ ಅಸ್ವಾನ್ ಎಂಬಲ್ಲಿ ೧೯೦೨ರಲ್ಲಿ ಮುಗಿಸಿದ ಕಲ್ಲಿನ ಅಣೆಕಟ್ಟನ್ನು ೧೯೦೭ರಿಂದ ೧೯೧೨ರ ವರೆಗೆ ಒಂದು ಸಲ, ೧೯೨೯ರಿಂದ ೧೯೩೩ರ ವರೆಗೆ ಇನ್ನೊಂದು ಸಲ ಎತ್ತರಿಸಿದರು. ಮೊದಲನೆಯ ಸಲ ಅಲ್ಲಿನ ಎಂಜಿನಿಯರುಗಳು ನೆತ್ತಿಯ ಮೇಲೆ ಮಾತ್ರ ಕಟ್ಟದೆ, ನೀರಿಲ್ಲದ ಕೆಳಮಗ್ಗುಲಿನಲ್ಲಿ ಬುಡದಿಂದಲೇ ಹೊಸ ಕಟ್ಟಡವನ್ನು ಎಬ್ಬಿಸಿ ಇಡೀ ಕಟ್ಟೆಯನ್ನು ದಪ್ಪಮಾಡಿದರು. ಹಳೆಯ ಕಟ್ಟಡವು ಆರಿ ನೆಲೆನಿಂತದ್ದು. ಹೊಸದು ಇನ್ನೂ ಬಿಸಿಯಾಗಿದ್ದು ಕುಗ್ಗತಕ್ಕದ್ದು. ಆದ್ದರಿಂದ ಎರಡಕ್ಕೂ ನಡುವೆ ಕಿರಿದಾದ ಸಂದನ್ನು ಬಿಟ್ಟು, ಕಬ್ಬಿಣದ ಸರಳುಗಳಿಂದ ಅವನ್ನು ಸೇರಿಸಿ, ಎರಡೂ ಒಂದೇ ಹದಕ್ಕೆ ಬಂದ ಅನಂತರ ಆ ಸಂದಿಗೆ ಸಿಮೆಂಟು ಗಾರೆಯನ್ನು ತುಂಬಿದರು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಸಾನ್ ವಿಸೆಂಟೆ ಎಂಬ ೨೨೦ ಅಡಿ ಎತ್ತರದ ಕಾಂಕ್ರೀಟು ಕಟ್ಟೆಯನ್ನು ೧೧೭ ಅಡಿಗಳಷ್ಟು ಎತ್ತರಿಸುವ ಕೆಲಸವು ೨೦೧೪ರಲ್ಲಿ ಮುಗಿಯಿತು. ಅಲ್ಲಿಯೂ ಹೊಸ ಕಾಂಕ್ರೀಟನ್ನು ಕೆಳಮಗ್ಗುಲಿನ ಬುಡದಿಂದಲೇ ಹಾಕಿಕೊಂಡು ಬಂದರು.

ನಮ್ಮ ಕೃಷ್ಣರಾಜಸಾಗರದ ಚರಿತ್ರೆಯಲ್ಲಿಯೂ ಇದೇ ವಿವೇಕವು ಕಾಣುತ್ತದೆ. ೧೯೧೧ರಲ್ಲಿ ಕೆಲಸವು ಆರಂಭವಾದಾಗ ಮದರಾಸು ಸರ್ಕಾರದೊಡನೆ ವಿವಾದವಿದ್ದ ಕಾರಣ, ಕಟ್ಟೆಯನ್ನು ಕಡಮೆ ಎತ್ತರಕ್ಕೆ ಮಾತ್ರ ಕಟ್ಟಲು ಮೊದಲು ಅನುಮತಿ ದೊರೆತಿತ್ತು. ಹಾಗಿದ್ದರೂ ತಳಪಾಯವನ್ನು ಮುಂದೆ ಬರತಕ್ಕ ಪೂರ್ಣ ಎತ್ತರಕ್ಕೆ ಬೇಕಾದ ಅಗಲದಲ್ಲಿಯೇ ಹಾಕಲಾಯಿತು. ೧೯೨೪ರಲ್ಲಿ ಒಪ್ಪಂದವಾದ ಮೇಲೆ ಕಟ್ಟೆಯು ಪೂರ್ಣ ಎತ್ತರಕ್ಕೆ ಏರುವುದಕ್ಕೆ ಆ ಬುಡವೇ ಆಧಾರವಾಯಿತು. ಮುಂದೆ ಎತ್ತರಿಸುವ ಉದ್ದೇಶವುಳ್ಳವರು ಮೊದಲು ಕಟ್ಟುವಾಗಲೇ ಅದಕ್ಕೆ ತಕ್ಕ ಬುಡವನ್ನು ಹಾಕುವುದು ಎಲ್ಲಕ್ಕಿಂತಲೂ ಅಗ್ಗವಾದ ಮಾರ್ಗವು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಎಂಬ ಕಾಂಕ್ರೀಟು ಅಣೆಕಟ್ಟಿನ ಎತ್ತರವನ್ನು, ಅದು ಇನ್ನೂ ಕಟ್ಟಲ್ಪಡುತ್ತಿರುವಾಗಲೇ, ಹತ್ತು ಹತ್ತು ಅಡಿಗಳಂತೆ ಎರಡು ಸಲ ಹೆಚ್ಚಿಸಿದರು. ಬುಡವನ್ನು ಅದಕ್ಕೆ ತಕ್ಕಂತೆ ಅಗಲಿಸಲಿಲ್ಲ. ೧೯೨೮ನೆಯ ಇಸವಿ ಮಾರ್ಚಿ ೧೨ನೆಯ ತಾರೀಖಿನ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಅದು ಒಡೆದು, ೪೦೦ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಂದು ದಂಡೆಯ ಸಡಿಲವಾದ ಗುಡ್ಡವು ಜಾರಿದ್ದೇ ಮುಖ್ಯ ಕಾರಣವೆಂದು ಅನಂತರದ ಪರಿಶೋಧನೆಗಳಿಂದ ತಿಳಿದುಬಂದಿದೆ. ಆದರೂ ಎತ್ತರವನ್ನು ಹೆಚ್ಚಿಸಿದ್ದರಿಂದ ಆ ಕಟ್ಟೆಯಲ್ಲಿ ಆಪತ್ಕಾಲಕ್ಕೆಂದು ಇರಬೇಕಾಗಿದ್ದ ಭದ್ರತೆಯ ಮಿಗತೆಯು ಮೊದಲೇ ಕುಗ್ಗಿಹೋಗಿತ್ತು.

ಹಳೆಯ ಗೋಡೆಯ ಪರೀಕ್ಷೆ

ಕೆಲಸಕ್ಕೆ ತೊಡಗುವ ಮುನ್ನ ಈ ಕೆಳಕಂಡ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸತಕ್ಕದ್ದು.

(೧) ತೂಗುಗುಂಡನ್ನು ಇಳಿಬಿಟ್ಟು ಗೋಡೆಯು ನೆಟ್ಟಗಿದೆಯೇ ಎಂದು ನೋಡಬೇಕು. ಆಗಲೇ ಹೊರಕ್ಕೆ ವಾಲಿರುವ ಗೋಡೆಯನ್ನು ಎತ್ತರಿಸುವ ಯೋಚನೆಯನ್ನೇ ಬಿಡಬೇಕು.

(೨) ಬುಡದ ಉದ್ದಕ್ಕೂ ಅಡ್ಡವಾಗಿ ಬಿರುಕು ಬಿಟ್ಟಿದ್ದರೆ ಅದು ಅಪಾಯದ ಗುರುತು. ಗೋಡೆಯು ಈಗಿನ ಹೊರೆಯನ್ನೇ ತಾಳಲಾರದೆ ಇದೆಯೆಂದು ತಿಳಿಯಬೇಕು.

(೩) ಸುತ್ತಿಗೆಯಿಂದ ಮೆಲ್ಲಗೆ ಬಡಿದು ಶಬ್ದವನ್ನು ಕೇಳಬೇಕು. ಖಣಿಲೆನ್ನುವುದು ಗಟ್ಟಿ, ಬೊಬ್ಬೆನ್ನುವುದು ಟೊಳ್ಳು. ತುಕ್ಕಿನ ಕೆಂಗಲೆಗಳು ಕಂಡುಬಂದಲ್ಲಿ ಒಳಗಿನ ಸರಳು ಸವೆಯುತ್ತಿದೆಯೆಂದು ಅರ್ಥ.

(೪) ತೊಟ್ಟಿಯನ್ನು ಬರಿದುಮಾಡಿ, ಹೊರಮಗ್ಗುಲಲ್ಲಿ ಒಂದು ಕಡೆ ಚಿಕ್ಕ ಗುಂಡಿಯನ್ನು ತೋಡಿ, ತಳಪಾಯದ ಆಳವನ್ನೂ ಅಗಲವನ್ನೂ, ಅದರ ಕೆಳಗಿನ ಮಣ್ಣಿನ ಗುಣವನ್ನೂ ಕಣ್ಣಾರೆ ನೋಡಬೇಕು. ಎರೆಮಣ್ಣಿನ ಮೇಲೆ ಕೂತ ಗೋಡೆಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಇಳಿಯುವ ನೆಲದೊಡನೆ ತಾನೂ ಅಲುಗಾಡುತ್ತಿರುತ್ತದೆ. ನೋಡಿದ ಅನಂತರ ಗುಂಡಿಯನ್ನು ಗಟ್ಟಿಸಿ ಮುಚ್ಚಬೇಕು.

(೫) ಗೋಡೆಯೊಳಗೆ ಸರಳು ಇದೆಯೇ, ಇದ್ದರೆ ಎಷ್ಟು ದಪ್ಪದ್ದು, ಎಷ್ಟೆಷ್ಟು ಅಂತರದಲ್ಲಿದೆ ಎಂಬುದನ್ನು ಕಟ್ಟಿದ ಕಾಲದ ನಕ್ಷೆಯಿಂದ ತಿಳಿಯಬೇಕು. ನಕ್ಷೆಯಿಲ್ಲದಿದ್ದರೆ, ಕಾಂಕ್ರೀಟನ್ನು ಒಡೆಯದೆ ಒಳಗಿನ ಸರಳನ್ನು ಪತ್ತೆಮಾಡುವ ಸಲಕರಣೆಗಳು ಈಗ ಎಂಜಿನಿಯರುಗಳಲ್ಲಿ ದೊರೆಯುತ್ತವೆ.

ಈ ಪರೀಕ್ಷೆಯ ಫಲವನ್ನು ಬರೆದುಕೊಂಡು ತಾಲ್ಲೂಕಿನ ಎಂಜಿನಿಯರನ್ನು ಕಂಡರೆ, ಅವರು ಲೆಕ್ಕಹಾಕಿ ಹೇಳುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಸಿದ್ಧವಾಗಿರುತ್ತದೆ. ಸೊಂಟದೆತ್ತರಕ್ಕೆ ಮೀರಿ ನೀರನ್ನಾಗಲಿ ಮಣ್ಣನ್ನಾಗಲಿ ತಡೆಯತಕ್ಕ ಯಾವ ಗೋಡೆಯನ್ನೂ ಇಂಥ ಲೆಕ್ಕವಿಲ್ಲದೆ ಎತ್ತರಿಸಕೂಡದು.

ಗೋಡೆಗೆ ತಕ್ಕ ವಿಧಾನ

ತೊಟ್ಟಿಯ ಗೋಡೆಯು ಲೆಕ್ಕಕ್ಕೆ ಸಾಲದೆ ಬಂದಲ್ಲಿ, ಹೊರಮಗ್ಗುಲಿನಲ್ಲಿ ಹೊಸ ತಳಪಾಯವನ್ನು ತೆಗೆದು, ಬುಡದಿಂದಲೇ ಹೊಸ ಕಾಂಕ್ರೀಟಿನ ಪದರವನ್ನು ಎಬ್ಬಿಸಿ, ಹಳೆಯದಕ್ಕೆ ಸರಳುಗಳಿಂದ ಬಿಗಿದು, ಎರಡನ್ನೂ ಒಟ್ಟಾಗಿ ಬೇಕಾದ ಎತ್ತರಕ್ಕೆ ಒಯ್ಯಬೇಕು. ಅಸ್ವಾನಿನ ಕ್ರಮವೇ ಇಲ್ಲಿ ಚಿಕ್ಕ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಕೆಲಸವು ನಡೆಯುವಾಗಲೂ ಕಾಂಕ್ರೀಟು ಬಲಿಯುವವರೆಗೂ ತೊಟ್ಟಿಯು ಬರಿದಾಗಿಯೇ ಇರತಕ್ಕದ್ದು. ನೀರಿರುವಾಗಲೇ ಹೊಸ ಪದರವನ್ನು ಸೇರಿಸಿದರೆ, ಆಗ ಇರುವ ಹೊರೆಯೆಲ್ಲವೂ ಹಳೆಯ ಗೋಡೆಯ ಮೇಲೆಯೇ ಉಳಿದು, ಹೊಸದು ತನ್ನ ಪಾಲನ್ನು ಹೊರುವುದಿಲ್ಲ.

ಮಣ್ಣು ತಡೆಯುವ ಗೋಡೆಯ ಸಂಗತಿಯು ಸ್ವಲ್ಪ ಬೇರೆ. ನೀರು ಬಸಿದುಹೋಗುವ ಗರಸುಮಣ್ಣು ಒಣಗಿರುವಾಗ ಗೋಡೆಯನ್ನು ಒತ್ತುವ ಬಲವು, ಅಷ್ಟೇ ಆಳದ ನೀರಿನ ಬಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿರುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತಿತೆಂದರೆ ಆ ಬಲವು ಇಮ್ಮಡಿಗೂ ಮಿಕ್ಕುತ್ತದೆ. ಬೇಸಗೆಯೆಲ್ಲಾ ನಿಂತಿದ್ದ ತಡೆಗೋಡೆಗಳು ಮಳೆಗಾಲದಲ್ಲಿಯೇ ಬೀಳುವುದಕ್ಕೆ ಇದೇ ಕಾರಣವು. ಆದ್ದರಿಂದ ಗೋಡೆಯಲ್ಲಿರುವ ನೀರುಕಿಂಡಿಗಳು ಕಟ್ಟಿಕೊಂಡಿದ್ದರೆ ಮೊದಲು ಬಿಡಿಸಬೇಕು; ಹೊಸ ಭಾಗದಲ್ಲಿಯೂ ಕಿಂಡಿಗಳನ್ನು ಬಿಡಬೇಕು; ಅವುಗಳ ಹಿಂದೆ ಜಲ್ಲಿಯನ್ನೂ ಗರಸನ್ನೂ ತುಂಬಬೇಕು. ಎರೆಮಣ್ಣನ್ನು ಗೋಡೆಗೆ ತಗಲುವಂತೆ ತುಂಬಲೇಕೂಡದು.

ನೀರನ್ನೂ ಮಣ್ಣನ್ನೂ ತಡೆಯದ ಆವರಣದ ಗೋಡೆಗೆ ಹೊರೆಯಿಲ್ಲವೆಂದು ಭಾವಿಸಕೂಡದು. ಅದಕ್ಕೆ ಗಾಳಿಯೇ ಹೊರೆ. ಎತ್ತರವು ಇಮ್ಮಡಿಯಾದಲ್ಲಿ ಗಾಳಿಯ ಮಗುಚುವ ಶಕ್ತಿಯು ನಾಲ್ಕು ಮಡಿಯಾಗುತ್ತದೆ. ಗೋಡೆಯನ್ನು ನಿಲ್ಲಿಸುವ ಅದರ ತೂಕವಾದರೋ ಎರಡು ಮಡಿ ಮಾತ್ರ ಹೆಚ್ಚುತ್ತದೆ. ಇಂಥಲ್ಲಿ ಮೇಲ್ಭಾಗವನ್ನು ಕಾಂಕ್ರೀಟಿನಿಂದ ಹಾಕದೆ, ಕಬ್ಬಿಣದ ಕಂಬಗಳನ್ನು ನೆಟ್ಟು ತಂತಿಬಲೆಯನ್ನು ಕಟ್ಟಿದರೆ, ಗಾಳಿಯು ಒಳತೂರಿ ಹೋಗಿ ಕೆಲಸವೂ ಆಗುತ್ತದೆ, ವೆಚ್ಚವೂ ಕಡಮೆಯಾಗುತ್ತದೆ.

ಹಳೆಯದಕ್ಕೂ ಹೊಸದಕ್ಕೂ ಬೆಸುಗೆ

ಬುಡವು ಸಾಕಷ್ಟು ಬಲವುಳ್ಳದ್ದೆಂದು ಗೊತ್ತಾದ ಮೇಲೆ ಮಾತ್ರ ನೆತ್ತಿಯ ಕೆಲಸಕ್ಕೆ ಬರಬೇಕು. ಹಳೆಯ ಕಾಂಕ್ರೀಟು ಹೊಸದಕ್ಕೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಕೂಡುವ ಸ್ಥಳವು ಯಾವಾಗಲೂ ದುರ್ಬಲವಾದ ಸ್ಥಳವೇ ಸರಿ. ಅದನ್ನು ಬಲಪಡಿಸುವುದು ಕೆಳಕಂಡ ಕ್ರಮದಿಂದ ಸಾಧ್ಯವು.

ಮೊದಲು ನೆತ್ತಿಯ ಮೇಲಿನ ಗಾರೆಯ ಲೇಪನವನ್ನೂ, ಸಿಮೆಂಟಿನ ಕೆನೆಯಂತಿರುವ ಬಲವಿಲ್ಲದ ಪದರವನ್ನೂ ಚಾಣದಿಂದ ಕೆತ್ತಿ ತೆಗೆದು, ಒಳಗಿನ ಜಲ್ಲಿಯು ಹಲ್ಲುಹಲ್ಲಾಗಿ ಕಾಣುವಂತೆ ಮಾಡಬೇಕು. ಉಬ್ಬುತಗ್ಗುಗಳು ಕಾಲು ಅಂಗುಲವಾದರೂ ಇರಬೇಕು. ತಂತಿಯ ಕುಂಚದಿಂದ ಉಜ್ಜಿ, ಧೂಳನ್ನೆಲ್ಲಾ ತೆಗೆದು, ನೀರಿನಿಂದ ತೊಳೆಯಬೇಕು. ಕಾಂಕ್ರೀಟು ಹಾಕುವ ಹಿಂದಿನ ದಿನದಿಂದ ಹಳೆಯ ನೆತ್ತಿಗೆ ನೀರು ಕುಡಿಸುತ್ತಿರಬೇಕು. ಇಲ್ಲದಿದ್ದರೆ ಅದು ಹೊಸ ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ. ಹಾಕುವ ವೇಳೆಗೆ ಮಾತ್ರ ಮೇಲೆ ನೀರು ನಿಂತಿರಕೂಡದು. ಸಿಮೆಂಟು ಹಾಲನ್ನು ಬಳಿಯುವುದಾದರೆ ಅದು ಹಸಿಯಾಗಿರುವಾಗಲೇ ಕಾಂಕ್ರೀಟು ಬೀಳಬೇಕು. ಒಣಗಿದ ಸಿಮೆಂಟು ಹಾಲು ಬೆಸೆಯುವುದಕ್ಕೆ ಬದಲಾಗಿ ಬೇರ್ಪಡಿಸುತ್ತದೆ.

ಎರಡನೆಯದು ಸರಳುಗಳ ಜೋಡಣೆ. ಹಳೆಯ ಗೋಡೆಯಲ್ಲಿ ನಿಲುಸರಳುಗಳಿದ್ದಲ್ಲಿ, ನೆತ್ತಿಯಿಂದ ಸುಮಾರು ಎರಡು ಅಡಿಯವರೆಗೆ ಕಾಂಕ್ರೀಟನ್ನು ಒಡೆದು, ಸರಳುಗಳನ್ನು ಬಿಡಿಸಿ, ಹೊಸ ಸರಳುಗಳನ್ನು ಅವುಗಳ ಮಗ್ಗುಲಿಗೆ ಇಟ್ಟು ತಂತಿಯಿಂದ ಕಟ್ಟುವುದು ಉತ್ತಮೋತ್ತಮವಾದ ರೀತಿಯು. ೧೨ ಮಿಲಿಮೀಟರು ಸರಳಿಗೆ ಈ ಒತ್ತುಜೋಡಣೆಯು ೬೦೦ ಮಿಲಿಮೀಟರು ಉದ್ದವಾಗುವುದು ವಾಡಿಕೆ. ಒಡೆಯಲು ಸಾಧ್ಯವಿಲ್ಲದಿದ್ದಲ್ಲಿ, ಬೈರಿಗೆ ಯಂತ್ರದಿಂದ ನೆತ್ತಿಯಲ್ಲಿ ರಂಧ್ರಗಳನ್ನು ಕೊರೆದು ಸರಳುಗಳನ್ನು ನಾಟಬೇಕು. ಇದಕ್ಕೆಂದೇ ಮಾರುವ ಎಪಾಕ್ಸಿ ಅಂಟನ್ನು ಬಳಸುವಾಗ, ೧೨ ಮಿಲಿಮೀಟರು ಸರಳಿಗೆ ೧೬ ಮಿಲಿಮೀಟರು ರಂಧ್ರವೂ, ಸರಳಿನ ದಪ್ಪದ ಹತ್ತರಿಂದ ಹದಿನೈದು ಮಡಿ ಆಳವೂ ಸಾಮಾನ್ಯವಾಗಿ ಬೇಕಾಗುತ್ತವೆ. ಸರಿಯಾದ ಆಳವನ್ನೂ ಅಂತರವನ್ನೂ ಎಂಜಿನಿಯರು ಗೊತ್ತುಮಾಡಬೇಕು. ಇಲ್ಲಿ ಕೆಲಸಗಾರರು ಅಲಕ್ಷ್ಯಮಾಡುವುದು ಧೂಳಿನ ವಿಷಯದಲ್ಲಿ. ರಂಧ್ರದೊಳಗಿನ ಧೂಳನ್ನು ಕುಂಚದಿಂದ ಉಜ್ಜಿ, ಗಾಳಿಯನ್ನು ಊದಿ, ಎರಡು ಮೂರು ಸಲ ತೆಗೆಯದಿದ್ದರೆ ಅಂಟು ಧೂಳಿಗೆ ಹಿಡಿಯುತ್ತದೆಯೇ ಹೊರತು ಕಾಂಕ್ರೀಟಿಗೆ ಹಿಡಿಯುವುದಿಲ್ಲ. ಸರಳು ಕೈಯಿಂದ ಎಳೆದರೂ ಬರುತ್ತದೆ.

ಸರಳುಗಳ ಸ್ಥಾನವೂ ಮುಖ್ಯವು. ಬುಡದಲ್ಲಿ ನೆಲೆನಿಂತು ತಲೆಯು ಬಿಡಿಯಾಗಿರುವ ಗೋಡೆಯನ್ನು ನೀರು ಹೊರಕ್ಕೆ ತಳ್ಳಿದಾಗ, ಎಳೆತವು ಬೀಳುವುದು ನೀರಿರುವ ಒಳಮಗ್ಗುಲಿಗೆ. ಮಣ್ಣು ತಡೆಯುವ ಗೋಡೆಯಲ್ಲಿ ಮಣ್ಣಿರುವ ಮಗ್ಗುಲಿಗೆ. ಆದುದರಿಂದ ನಿಲುಸರಳುಗಳು ಆ ಮಗ್ಗುಲಿಗೆ ಸಮೀಪವಾಗಿ, ಆದರೂ ಸುಮಾರು ಎರಡು ಅಂಗುಲ ಕಾಂಕ್ರೀಟಿನ ಹೊದಿಕೆಯೊಳಗೆ ಇರಬೇಕು. ಹೊಸ ಭಾಗದಲ್ಲಿ ಉದ್ದಕ್ಕೆ ಅಡ್ಡಸರಳುಗಳನ್ನೂ ಹಾಕಬೇಕು. ಹಳೆಯ ಗೋಡೆಯು ಕುಗ್ಗುವಷ್ಟು ಕುಗ್ಗಿ ನಿಂತಿದೆ. ಹೊಸದು ಆರುತ್ತಾ ಕುಗ್ಗುವುದಕ್ಕೆ ಹೋಗಿ, ಕೆಳಗಿನದು ಹಿಡಿದಿಡುವುದರಿಂದ ನಿಲುಬಿರುಕುಗಳು ಹುಟ್ಟುತ್ತವೆ. ಅಡ್ಡಸರಳುಗಳು ಈ ಬಿರುಕುಗಳನ್ನು ಕೂದಲಿನಷ್ಟು ಸಣ್ಣದಾಗಿ ಇರಿಸುತ್ತವೆ. ಹಳೆಯ ಗೋಡೆಯಲ್ಲಿ ಬೇಕೆಂದೇ ಬಿಟ್ಟ ನಿಲುಸಂದುಗಳಿದ್ದರೆ, ಹೊಸ ಭಾಗದಲ್ಲಿಯೂ ಅದೇ ನೇರಕ್ಕೆ ಸಂದನ್ನು ಬಿಡತಕ್ಕದ್ದು.

ಮೂರನೆಯದು ಕಾಂಕ್ರೀಟಿನ ಬೆರಕೆ. ಸರಳುಳ್ಳ ಕೆಲಸಕ್ಕೆ ಸಿಮೆಂಟು ಒಂದು ಪಾಲು, ಮರಳು ಒಂದೂವರೆ ಪಾಲು, ಜಲ್ಲಿ ಮೂರು ಪಾಲು ಎಂಬ ಬೆರಕೆಗಿಂತ ಕೀಳಾದದ್ದನ್ನು ಉಪಯೋಗಿಸಕೂಡದು. ೫೦ ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ ೩೦ ಲೀಟರಿಗೆ ಮೀರಿ ನೀರು ಹಾಕಕೂಡದು. ಸುಲಭವಾಗಿ ಸುರಿಯಲೆಂದು ಕೆಲಸಗಾರರು ಹೆಚ್ಚಾಗಿ ಹಾಕುವ ಪ್ರತಿಯೊಂದು ಕೊಡ ನೀರೂ ಗೋಡೆಯ ಬಲವನ್ನು ಕಳೆಯುತ್ತದೆ. ತುಂಬಿದ ಕಾಂಕ್ರೀಟನ್ನು ಸರಳಿನ ಸುತ್ತಲೂ ಚೆನ್ನಾಗಿ ದಮ್ಮಸ್ಸು ಮಾಡಿ ಟೊಳ್ಳು ಉಳಿಯದಂತೆ ಕೂರಿಸಬೇಕು. ನೀರಿನ ತೊಟ್ಟಿಯಾದಲ್ಲಿ, ಕೂಡುವ ಸ್ಥಳದ ನಡುವೆ ಉದ್ದಕ್ಕೂ, ನೀರು ತಗಲಿದೊಡನೆ ಊದಿಕೊಂಡು ಸಂದನ್ನು ಮುಚ್ಚುವ ಪಟ್ಟಿಯನ್ನು ಇರಿಸಿದರೆ ಸೋರುವಿಕೆಯು ನಿಲ್ಲುತ್ತದೆ.

ಕಡೆಯದು ನೀರು ಕುಡಿಸುವಿಕೆ. ಹಲಗೆಗಳನ್ನು ತೆಗೆದ ಮೇಲೆ ಗೋಣಿತಟ್ಟನ್ನು ಹೊದಿಸಿ, ಅದು ಎಂದೂ ಒಣಗದಂತೆ, ಹದಿನಾಲ್ಕು ದಿನಗಳವರೆಗೆ ನೀರು ಹಾಕುತ್ತಿರಬೇಕು. ಗೋಡೆಯ ನೆತ್ತಿಯು ಬಿಸಿಲಿಗೂ ಗಾಳಿಗೂ ಒಡ್ಡಿರುವುದರಿಂದ ಬೇಗನೆ ಒಣಗುತ್ತದೆ. ಇಪ್ಪತ್ತೆಂಟು ದಿನಗಳು ಕಳೆಯುವವರೆಗೆ ಪೂರ್ಣ ಎತ್ತರಕ್ಕೆ ನೀರು ತುಂಬಕೂಡದು. ತುಂಬುವಾಗಲೂ ಒಂದೇ ದಿನದಲ್ಲಿ ತುಂಬದೆ, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಬುಡವನ್ನೂ ಬೆಸುಗೆಯನ್ನೂ ನೋಡಿಕೊಳ್ಳುತ್ತಿರಬೇಕು.

ಒಡ್ಡು ಮತ್ತು ಕೋಡಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ

ತೊಟ್ಟಿಯ ಗೋಡೆ ಬಿದ್ದರೆ ನಷ್ಟವು ಒಂದು ಮನೆಗೆ. ಕೆರೆಯ ಏರಿ ಒಡೆದರೆ ಊರಿಗೆ. ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಗೋಡೆಯ ಮೇಲೆ ಕಾಂಕ್ರೀಟು ಹಾಕುವ ಬಯಕೆಯು ಅಚ್ಚುಕಟ್ಟಿನ ರೈತರಲ್ಲಿ ಸಾಮಾನ್ಯವಾಗಿದೆ. ಏರಿಯ ಎತ್ತರವು ಇದ್ದಷ್ಟೇ ಇದ್ದು ಕೋಡಿಯು ಮಾತ್ರ ಏರಿದಲ್ಲಿ ಏನಾಗುವುದೆಂಬುದನ್ನು ಲೆಕ್ಕದಿಂದ ನೋಡೋಣ. ಕೋಡಿಯ ಮೇಲೆ ಒಂದು ಮೀಟರು ಆಳದ ಪ್ರವಾಹವು ಹರಿಯುವುದಕ್ಕೆ ಎಡೆಯಿತ್ತೆಂದು ಇಟ್ಟುಕೊಳ್ಳೋಣ. ಕೋಡಿಯನ್ನು ೩೦ ಸೆಂಟಿಮೀಟರು ಎತ್ತರಿಸಿದರೆ ಹರಿಯುವ ಆಳವು ೭೦ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಹೊರಹೋಗುವ ನೀರು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮೊದಲಿನದರಲ್ಲಿ ಐದರಲ್ಲಿ ಮೂರು ಪಾಲಿಗೂ ಸ್ವಲ್ಪ ಕಡಮೆಯಾಗುತ್ತದೆ. ೫೦ ಸೆಂಟಿಮೀಟರು ಎತ್ತರಿಸಿದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಹೊರಹೋಗುತ್ತದೆ. ಮಿಕ್ಕ ನೀರು ಏರಿಯ ಮೇಲೆ ಹತ್ತಿ ಹರಿಯಬೇಕು. ಮಣ್ಣಿನ ಏರಿಯ ಮೇಲೆ ನೀರು ಹರಿದಲ್ಲಿ ಅದು ಕೊರೆದುಹೋಗುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ಹಳ್ಳದ ಒಡ್ಡನ್ನು ಎತ್ತರಿಸುವಾಗಲೂ ಎರಡು ದಂಡೆಗಳ ರೆಕ್ಕೆಗೋಡೆಗಳನ್ನು ಎತ್ತರಿಸಿ ದಂಡೆಯೊಳಕ್ಕೆ ಇನ್ನಷ್ಟು ಹೊಗಿಸಬೇಕು. ಇಲ್ಲದಿದ್ದರೆ ಪ್ರವಾಹವು ಮಗ್ಗುಲಿನ ಮಣ್ಣನ್ನು ಕೊರೆದು ಒಡ್ಡನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ನೀರು ಹೆಚ್ಚು ಎತ್ತರದಿಂದ ಬೀಳುವುದರಿಂದ ಕೆಳಗಿನ ಕಲ್ಲುಹಾಸನ್ನು ಉದ್ದಮಾಡಿ ಬಲಪಡಿಸಬೇಕು. ಹಿನ್ನೀರು ಎಲ್ಲಿಯವರೆಗೆ ಹಬ್ಬುವುದೆಂಬುದನ್ನು ಮಟ್ಟಹಿಡಿದು ಗುರುತಿಸಿ, ಮೇಲಿನ ಹಿಡುವಳಿದಾರರ ಜಮೀನು ಮುಳುಗುವುದಾದರೆ ಮೊದಲೇ ಅವರ ಒಪ್ಪಿಗೆಯನ್ನು ಪಡೆಯತಕ್ಕದ್ದು. ಸರ್ಕಾರದ ಕೆರೆ, ಕಾಲುವೆ, ಒಡ್ಡುಗಳನ್ನು ಅನುಮತಿಯಿಲ್ಲದೆ ಮಾರ್ಪಡಿಸುವುದು ೧೯೬೫ರ ಕರ್ನಾಟಕ ನೀರಾವರಿ ಅಧಿನಿಯಮದ ಪ್ರಕಾರ ಅಪರಾಧವೂ ಆಗಿದೆ.

ಎತ್ತರಿಸದೆಯೇ ಪ್ರಯೋಜನ ಪಡೆಯುವ ಮಾರ್ಗಗಳು

ಬೇಕಾಗಿರುವುದು ಗೋಡೆಯಲ್ಲ, ನೀರು. ಅದು ಬೇರೆ ರೀತಿಯಲ್ಲಿಯೂ ದೊರೆಯುವುದಾದರೆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೇತಕ್ಕೆ? ಹೂಳಿನಿಂದ ನೀರು ಕಡಮೆಯಾಗಿದ್ದಲ್ಲಿ ಹೂಳನ್ನು ತೆಗೆಯುವುದೇ ಮೊದಲನೆಯ ಮಾರ್ಗ. ತೆಗೆದ ಹೂಳು ಹೊಲಕ್ಕೂ ಗೊಬ್ಬರವಾಗುತ್ತದೆ. ತೊಟ್ಟಿಯು ಚಿಕ್ಕದಾದಲ್ಲಿ, ಅದೇ ಎತ್ತರದ ಇನ್ನೊಂದು ತೊಟ್ಟಿಯನ್ನು ಮಗ್ಗುಲಿಗೆ ಕಟ್ಟಿ ಕೊಳವೆಯಿಂದ ಎರಡನ್ನೂ ಸೇರಿಸಬಹುದು. ಆಗ ನೀರು ಇಮ್ಮಡಿಯಾಗುತ್ತದೆ. ಹಳೆಯ ಗೋಡೆಯ ಮೇಲಿನ ಹೊರೆಯು ಒಂದು ತೊಲದಷ್ಟೂ ಹೆಚ್ಚುವುದಿಲ್ಲ.

ಕೋಡಿಯ ವಿಷಯದಲ್ಲಿ ನಮ್ಮ ಪೂರ್ವಿಕರ ಉಪಾಯವು ಮೆಚ್ಚತಕ್ಕದ್ದು. ದಕ್ಷಿಣ ದೇಶದ ಅನೇಕ ಹಳೆಯ ಕೆರೆಗಳ ಕೋಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಗಿಡ್ಡ ಕಲ್ಲುಕಂಬಗಳನ್ನು ಕಾಣಬಹುದು. ಮಳೆಗಾಲದ ಪ್ರವಾಹವು ಇವುಗಳ ನಡುವೆ ಹರಿದುಹೋಗುತ್ತದೆ. ಪ್ರವಾಹದ ಭಯವು ಕಳೆದ ಮೇಲೆ ಕಂಬಗಳ ನಡುವೆ ಹುಲ್ಲುಹೆಂಟೆಯನ್ನೂ ಜೇಡಿಯನ್ನೂ ತುಂಬಿ ಕಡೆಯ ನೀರನ್ನ ನಿಲ್ಲಿಸುತ್ತಿದ್ದರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಿಂಡಿ ಅಣೆಕಟ್ಟುಗಳಲ್ಲಿ ಈಗಲೂ ಮಳೆ ನಿಂತ ಮೇಲೆ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿ, ಮುಂಗಾರಿಗೆ ಮುಂಚೆ ಅವನ್ನು ತೆಗೆಯುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೦೩ರಲ್ಲಿ ಪುಣೆಯ ಬಳಿಯ ಖಡಕ್‌ವಾಸಲಾ ಕಟ್ಟೆಗೆ ಅಳವಡಿಸಿದ, ಪ್ರವಾಹ ಬಂದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳ ತತ್ತ್ವವೂ ಇದೇ: ನೀರು ಬೇಕಾದಾಗ ಎತ್ತರವಿರಬೇಕು, ಪ್ರವಾಹವು ಬಂದಾಗ ಆ ಎತ್ತರವು ಅಡ್ಡಿಯಾಗಕೂಡದು. ಆದರೂ ಹಲಗೆಯೇ ಆಗಲಿ ಹೆಂಟೆಯೇ ಆಗಲಿ ನೀರಿನ ಮಟ್ಟವನ್ನು ಏರಿಸುವುದರಿಂದ, ಬುಡದ ಲೆಕ್ಕವನ್ನು ಇಲ್ಲಿಯೂ ಮರೆಯತಕ್ಕದ್ದಲ್ಲ.

ಗ್ರಾಮದ ಮುಖಂಡರ ಕರ್ತವ್ಯ

ಗೋಡೆಯು ಒಬ್ಬನ ಸ್ವತ್ತಾಗಿದ್ದರೂ ಅದು ಬೀಳುವುದು ದಾರಿಹೋಕರ ಮೇಲೆಯೂ ನೆರೆಯವರ ಮೇಲೆಯೂ ಆಗಬಹುದು. ಆದ್ದರಿಂದ ತಮ್ಮ ಗ್ರಾಮದಲ್ಲಿ ಯಾರಾದರೂ ತೊಟ್ಟಿಯನ್ನಾಗಲಿ ಒಡ್ಡನ್ನಾಗಲಿ ಎತ್ತರಿಸುತ್ತಿರುವುದು ಕಂಡುಬಂದಲ್ಲಿ, ಮುಖಂಡರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಬುಡದ ಅಗಲವನ್ನೂ ಸರಳನ್ನೂ ನೋಡಿದಿರಾ? ಎಂಜಿನಿಯರು ಲೆಕ್ಕಹಾಕಿದರೇ? ಹೆಚ್ಚಾದ ನೀರು ಹೋಗುವುದಕ್ಕೆ ದಾರಿಯೆಲ್ಲಿ? ಈ ಮೂರಕ್ಕೂ ಸಮರ್ಪಕವಾದ ಉತ್ತರವು ದೊರೆಯುವವರೆಗೆ ಕೆಲಸವನ್ನು ನಿಲ್ಲಿಸಿರುವಂತೆ ಹಿತವಾಗಿ ಹೇಳಬೇಕು. ಆಗಲೇ ಎತ್ತರಿಸಿ ಕಟ್ಟಿಬಿಟ್ಟಿರುವ ಗೋಡೆಗಳಿದ್ದಲ್ಲಿ, ಅವುಗಳ ಪರೀಕ್ಷೆಯಾಗುವವರೆಗೆ ನೀರನ್ನು ಹಳೆಯ ಮಟ್ಟಕ್ಕಿಂತ ಮೇಲೇರಗೊಡದಂತೆ ಒಂದು ತೂತನ್ನು ಬಿಡಿಸಿಡುವುದು ಸುಲಭವಾದ ಮುನ್ನೆಚ್ಚರಿಕೆಯಾಗಿದೆ. ಮುಂಗಾರಿಗೆ ಮುಂಚಿತವಾಗಿಯೇ ಈ ಪರಿಶೀಲನೆಯನ್ನು ಮುಗಿಸಿದಲ್ಲಿ ಗ್ರಾಮದ ಜನರಿಗೂ ಜಾನುವಾರುಗಳಿಗೂ ಕ್ಷೇಮವುಂಟಾಗುವುದೆಂದು ನಂಬಲಾಗಿದೆ.